ಗಡಿಯಾರದವರು ಬಿಚ್ಚಿದ ಗೆಡ್ಡೆ

ಗೇಟಿಗೂ ಮೆಟ್ಟಿಲಿಗೂ ನಡುವೆ ಇದ್ದ ಹಳೆಯ ನೀರಿನ ತೊಟ್ಟಿಯನ್ನು ಒಡೆಸಿ ತೆಗೆಸಿದ ಮೇಲೆ ಅಲ್ಲಿ ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಮಣ್ಣು ಉಳಿಯಿತು. ಮಿಕ್ಕ ಅಂಗಳವೆಲ್ಲ ಸಿಮೆಂಟು. ಮೂವತ್ತೊಂದು ವರ್ಷ ಒಂದೇ ಸೂರಿನಡಿ ಬಾಳಿದ ಗಂಡ ಹೆಂಡತಿ ಈ ಅಂಗೈಯಗಲ ಜಾಗಕ್ಕೆ ಮುಖ ತಿರುಗಿಸಿಕೊಂಡು ಕೂರುತ್ತಾರೆಂದು ಯಾರು ಎಣಿಸಿದ್ದರು? ಗಂಡನಿಗೆ ಅಲ್ಲಿ ಮರ ಬೇಕಿತ್ತು. ಹೆಂಡತಿಗೆ ಗೆಡ್ಡೆ ಹೂವು.

ಗಂಡನನ್ನು ಬೀದಿಯವರೆಲ್ಲ ಗಡಿಯಾರದವರು ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವರ ರಿಪೇರಿ ಅಂಗಡಿ. ಕೆಟ್ಟದ್ದನ್ನು ಬಿಚ್ಚುವುದು ಅವರ ಕಸುಬು. ಕೆಡದೇ ಇರುವುದನ್ನೂ ಬಿಚ್ಚುವುದು ಅವರ ಚಟ. ಮದುವೆಯಾದ ಹೊಸದರಲ್ಲಿ ಹೆಂಡತಿಯ ಹೊಲಿಗೆ ಯಂತ್ರವನ್ನು ‘ಸುಮ್ನೆ, ಒಳಗೆ ಹೇಗಿದೆ ನೋಡೋಣ’ ಎಂದು ಬಿಚ್ಚಿ, ಮತ್ತೆ ಜೋಡಿಸಿದಾಗ ಎರಡು ಸ್ಕ್ರೂ ಕೈಯಲ್ಲೇ ಉಳಿದಿದ್ದವು. ಆ ಎರಡು ಸ್ಕ್ರೂ ಇಲ್ಲದೆಯೇ ಯಂತ್ರ ಇವತ್ತಿಗೂ ಓಡುತ್ತಿದೆ. ಆದರೂ ಆಕೆ ಅದನ್ನು ಮರೆತವಳಲ್ಲ. ಮಾತಿಗೆ ಮಾತು ಬೆಳೆದಾಗಲೆಲ್ಲ ಆ ಸ್ಕ್ರೂಗಳು ಹೊರಗೆ ಬರುತ್ತಿದ್ದವು.

ಜಗಳ ಬಗೆಹರಿಸಿಕೊಳ್ಳಲು ಇಬ್ಬರೂ ಬಸ್‌ ಸ್ಟಾಪಿನ ಪಕ್ಕದ ನರ್ಸರಿಗೆ ಹೋದರು. ನರ್ಸರಿ ನಡೆಸುವ ಹೆಂಗಸು ಮಾತಿನಮಲ್ಲಿ. ಒಂದು ಕೈಯಲ್ಲಿ ಮೊಣಕಾಲೆತ್ತರದ ಗಿಡ, ಇನ್ನೊಂದರಲ್ಲಿ ಈರುಳ್ಳಿಯಂಥ ಗೆಡ್ಡೆ ಹಿಡಿದು ನಿಂತಳು.

“ನೋಡಿ ಅಮ್ಮ, ಗೆಡ್ಡೆ ಅಂದ್ರೆ ನೆಂಟರಿದ್ದ ಹಾಗೆ. ಬರ್ತಾರೆ, ಮನೆ ತುಂಬ ಸಡಗರ ಮಾಡ್ತಾರೆ, ಹದಿನೈದು ದಿನಕ್ಕೆ ಗಂಟುಮೂಟೆ ಕಟ್ತಾರೆ. ಈ ಮರ ಮನೆಯವರಿದ್ದ ಹಾಗೆ. ಎಲೆ ಉದುರಿಸಿ ಬೋಳಾಗಿ ನಿಲ್ಲಲ್ಲ, ವರ್ಷವಿಡೀ ಹಸಿರು. ದಿನಾ ಕಣ್ಣೆದುರಿಗೇ ಇರುತ್ತೆ, ಅದಕ್ಕೇ ಯಾರೂ ತಿರುಗಿ ನೋಡಲ್ಲ.”

“ಎರಡನ್ನೂ ನೆಟ್ರೆ?” ಎಂದರು ಗಡಿಯಾರದವರು.

“ಅಷ್ಟು ಚಿಕ್ಕ ಜಾಗದಲ್ಲಾ? ಮರ ನೆರಳು ಕಟ್ಟಿದ್ರೆ ಗೆಡ್ಡೆ ಹೂ ಬಿಡಲ್ಲ ಸರ್.”

“ನೆರಳು ಬರೋಕೆ ಎಷ್ಟು ದಿನ?” ಹೆಂಡತಿ ಕೇಳಿದಳು.

“ಹತ್ತು ವರ್ಷ ಅಂದ್ಕೊಳ್ಳಿ.”

“ಹೂವಿಗೆ?”

“ಎರಡೂವರೆ ತಿಂಗಳು.”

“ಹಾಗಾದ್ರೆ ಗೆಡ್ಡೇನೇ ಕೊಡಿ. ಹತ್ತು ವರ್ಷ ಎಲ್ಲ ನನ್ನ ಹತ್ರ ಇಲ್ಲ.”

ರವಿಕೆಗೆ ಬಟ್ಟೆ ಸಾಲದು ಎನ್ನುವಷ್ಟೇ ಸಲೀಸಾಗಿ ಆಕೆ ಅದನ್ನು ಅಂದುಬಿಟ್ಟಳು. ಮರದ ಗಿಡವನ್ನು ಗಡಿಯಾರದವರು ಮತ್ತೆ ನೋಡಲಿಲ್ಲ.

ಹೋದ ವರ್ಷ ಆಕೆಯ ಎದೆ ತೆರೆದು ಆಪರೇಷನ್ ಮಾಡಿದ್ದರು. ಆರು ತಿಂಗಳಿಗೊಮ್ಮೆ ಬಂದು ಸ್ಕ್ಯಾನ್ ಮಾಡಿಸಲೇಬೇಕು, ಒಳಗೆ ಏನಾದರೂ ಏರುಪೇರಾಗಿದ್ದರೆ ಬೇಗ ತಿಳಿದರೆ ಮಾತ್ರೆಯಲ್ಲೇ ಸರಿ ಮಾಡಬಹುದು, ತಡವಾದರೆ ಹೇಳಲಾಗದು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಎರಡು ಸಲ ದಿನ ಗೊತ್ತಾಯಿತು, ಎರಡು ಸಲವೂ ಆಕೆ ಹೋಗಲಿಲ್ಲ. ಒಮ್ಮೆ ಮದುವೆಯವರ ಬಟ್ಟೆ ಅರ್ಜೆಂಟು, ಒಮ್ಮೆ ಕಾಲು ನೋವು. ಗಂಡ ಹೆಚ್ಚು ಒತ್ತಾಯ ಮಾಡಿದರೆ, “ಒಂದ್ಸಲ ಹೊಲಿಗೆ ಹಾಕಿದ್ದನ್ನ ಮತ್ತೆ ಕೆದಕಬಾರದು” ಎನ್ನುತ್ತಿದ್ದಳು.

“ನೀನು ದಿನಾ ಬಿಚ್ಚಿ ಬಿಚ್ಚಿ ಹೊಲೀತೀಯಲ್ಲೇ,” ಎಂದಿದ್ದರು ಇವರು.

“ಅದು ಬಟ್ಟೆ ರೀ.”

ಅವರಿಗೆ ಮರ ಬೇಕಾಗಿದ್ದದ್ದೂ ಇದಕ್ಕೇ. ಹತ್ತು ವರ್ಷ ಕಾಯಿಸುವ ಮರ ತಂದು ನೆಟ್ಟರೆ ಹೆಂಡತಿ ಹತ್ತು ವರ್ಷ ಇರುವುದಾಗಿ ಒಪ್ಪಿಕೊಂಡಂತೆ ಎಂದು ಅವರ ಲೆಕ್ಕ. ಪೆದ್ದು ಲೆಕ್ಕವೇ, ಇರಲಿ. ಆಕೆಯಿಲ್ಲದ ಮನೆಯನ್ನು ಅವರು ಒಂದು ನಿಮಿಷವೂ ಊಹಿಸಿಕೊಳ್ಳಲಾರದೆ ಹೋಗಿದ್ದರು. ಯಾರ ಬಳಿಯೂ ಅದನ್ನು ಹೇಳಿಕೊಳ್ಳಲೂ ಆಗಿರಲಿಲ್ಲ.

ಗೆಡ್ಡೆ ನೆಟ್ಟು ಕೈ ತೊಳೆದುಕೊಳ್ಳುತ್ತ ಆಕೆಯೇ ಅಂದಳು: “ಇದು ಹೂ ಬಿಡಲಿ. ಮಾರನೇ ದಿನ ಆಸ್ಪತ್ರೆಗೆ ಬರ್ತೀನಿ, ಸರೀನಾ?”

ಗಡಿಯಾರದವರು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಲ್ಲಿಂದ ಶುರುವಾಯಿತು ನೋಡಿ ಕಷ್ಟ.

ಮೊದಲ ಎರಡು ವಾರ ಸುಮ್ಮನಿದ್ದರು, ಅದೇ ದೊಡ್ಡದು. ಮೂರನೇ ವಾರ ಹೆಂಡತಿ ಸ್ನಾನಕ್ಕೆ ಹೋದ ಹೊತ್ತು ನೋಡಿ ಚಮಚದಿಂದ ಮಣ್ಣು ಸರಿಸಿದರು. ಗೆಡ್ಡೆಯನ್ನು ಎತ್ತಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ತಿರುಗಿಸಿ ತಿರುಗಿಸಿ ನೋಡಿದರು. ತಳದಲ್ಲಿ ಬಿಳಿಯ ನೂಲಿನೆಳೆಯಂಥದ್ದು ನಾಲ್ಕೈದು ಅಂಟಿಕೊಂಡಿತ್ತು. ಗಡಿಯಾರದೊಳಗೆ ಒಂದು ಎಳೆ ಸೇರಿದರೂ ಕೆಲಸ ಕೆಡುತ್ತದೆಂದು ಬಲ್ಲ ಮನುಷ್ಯ, ಚಿಮಟ ತಂದು ಅವನ್ನೆಲ್ಲ ಒಂದೊಂದಾಗಿ ಕಿತ್ತು ಶುಚಿ ಮಾಡಿ, ಗೆಡ್ಡೆಯನ್ನು ಮತ್ತೆ ಹೂತರು. ಮರುವಾರ ನೋಡಿದರೆ ಮತ್ತೆ ಎಳೆಗಳು. ಮತ್ತೆ ಶುಚಿ. ಹೀಗೆ ಐದು ವಾರ ಆ ಗೆಡ್ಡೆಯ ಸರ್ವೀಸ್ ತಪ್ಪದೆ ನಡೆಯಿತು. ಬೇರು ಹೇಗಿರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಯಾರನ್ನೂ ಕೇಳಲಿಲ್ಲ.

ಎಂಟನೇ ವಾರವಾದರೂ ಮೊಳಕೆಯ ಸುಳಿವಿಲ್ಲ. ಹೆಂಡತಿ ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಆ ಬೋಳು ಮಣ್ಣನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಒಳಗೆ ಹೋಗಿ ಯಂತ್ರದ ಮುಂದೆ ಕೂರುತ್ತಿದ್ದಳು. ಒಂದು ದಿನ, “ಒಳಗೇ ಕೊಳೆತಿರಬೇಕು ಬಿಡಿ” ಎಂದಳು. ಅವಳು ಗೆಡ್ಡೆಯ ಮಾತಷ್ಟೇ ಆಡುತ್ತಿಲ್ಲವೆಂದು ಗಡಿಯಾರದವರಿಗೆ ತಿಳಿಯಿತು.

ಅಂದು ಮಧ್ಯಾಹ್ನ ಆಕೆ ಬಟ್ಟೆ ಕೊಡಲು ಹೋದಾಗ ಅವರು ಗೆಡ್ಡೆಯನ್ನು ಕಿತ್ತು ತಂದು ಅಂಗಡಿಯ ಮೇಜಿನ ಮೇಲಿಟ್ಟರು. ಕೊಳೆತಿದ್ದರೆ ಗೊತ್ತಾಗಲಿ, ಗುಟ್ಟಾಗಿ ಬೇರೆಯದನ್ನು ತಂದು ನೆಡೋಣ ಎಂದುಕೊಂಡು, ಚೂಪಾದ ಬ್ಲೇಡಿನಿಂದ ಮೇಲಿಂದ ಕೆಳಗೆ ಸರಿಯಾಗಿ ಎರಡು ಹೋಳು ಮಾಡಿದರು.

ಒಳಗೆ ಒಂದಿಷ್ಟೂ ಕೊಳೆತಿರಲಿಲ್ಲ. ಬೆಳ್ಳಗೆ, ಪದರ ಪದರವಾಗಿ ರಸ ತುಂಬಿಕೊಂಡಿತ್ತು. ಬ್ಲೇಡು ತಾಗದೆ ಒಂದು ಹೋಳಿನಲ್ಲೇ ಉಳಿದಿದ್ದ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಮೊಗ್ಗೊಂದು ನಡುವೆ ಮಡಚಿಕೊಂಡು ಕೂತಿತ್ತು. ಭೂತಗನ್ನಡಿಯಲ್ಲಿ ಎಸಳುಗಳೂ ಕಂಡವು. ಆರು. ಅವರು ಎರಡು ಸಲ ಎಣಿಸಿದರು.

ಚೆನ್ನಾಗಿ ಓಡುತ್ತಿದ್ದುದನ್ನು ಬಿಚ್ಚಿ ನಿಲ್ಲಿಸಿದ್ದರು.

ಎರಡು ಹೋಳನ್ನೂ ಕಾಗದದಲ್ಲಿ ಸುತ್ತಿಕೊಂಡು ಅವರು ನರ್ಸರಿಗೆ ಓಡಿದರು. ಅಲ್ಲಿ ಅದೇ ಜಾತಿಯ ಗೆಡ್ಡೆ ಕುಂಡದಲ್ಲಿ ಆಗಷ್ಟೇ ಮೊಗ್ಗಿನ ತುದಿ ತೋರಿಸುತ್ತ ನಿಂತಿತ್ತು. ಅದನ್ನು ಕೊಂಡು ನೆಟ್ಟುಬಿಟ್ಟರೆ ಆಕೆಗೆ ತಿಳಿಯುತ್ತಿರಲಿಲ್ಲ. ಹೂ ಬಿಟ್ಟ ಮಾರನೇ ದಿನವೇ ಆಸ್ಪತ್ರೆ. ಕುಂಡವನ್ನು ಎತ್ತಿಯೂ ಎತ್ತಿದರು. ಆದರೆ ಹೆಂಡತಿ ಮೆಟ್ಟಿಲ ಮೇಲೆ ಕೂತು ಆ ಹೂವನ್ನು ನಂಬಿ ನಗುವುದನ್ನು ನೆನೆಸಿಕೊಂಡರು. ಕುಂಡವನ್ನು ಇದ್ದಲ್ಲೇ ಇಟ್ಟರು.

ನರ್ಸರಿಯವಳು ಹೋಳುಗಳನ್ನು ನೋಡಿ ಹಣೆ ಚಚ್ಚಿಕೊಂಡಳು. “ಇದೇನು ಸರ್, ಮೊಗ್ಗು ಒಳಗೇ ಇರುತ್ತೆ. ನೀವು ಕೊಂಡ ದಿನಾನೇ ಇತ್ತು.” ಆಮೇಲೆ ಹೋಳು ತಿರುಗಿಸಿ ತಳ ನೋಡಿ ಮೆತ್ತಗಾದಳು. “ಈ ತಳದ ಬಿಲ್ಲೆ ಎರಡರಲ್ಲೂ ಅರ್ಧರ್ಧ ಉಳಿದಿದೆ. ಎಸೀಬೇಡಿ. ಗಾಯ ಒಣಗಿಸಿ ಮಣ್ಣಿಗಿಡಿ. ಮರಿಗೆಡ್ಡೆ ಕಟ್ಟುತ್ತೆ. ಹೂ ಕಾಣ್ಬೇಕಾದ್ರೆ ಮೂರು ವರ್ಷ ಕಾಯ್ಬೇಕು, ಅಷ್ಟೆ.”

ಅವರು ಮನೆಗೆ ಬಂದಾಗ ಹೆಂಡತಿ ಬಟ್ಟೆ ಕತ್ತರಿಸುತ್ತಿದ್ದಳು. ಕತ್ತರಿಯ ಪಕ್ಕ ಕಾಗದ ಬಿಚ್ಚಿಟ್ಟು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಚಿಮಟದ ಸಂಗತಿಯನ್ನೂ ಹೇಳಿದರು. ಆಕೆ ಬಯ್ಯುತ್ತಾಳೆಂದು ಕಾದರು. ಬಯ್ದಿದ್ದರೆ ಚೆನ್ನಾಗಿತ್ತು.

“ಆ ಗ್ಲಾಸು ಕೊಡಿ,” ಎಂದಳು.

ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಳ್ಳಲು ಬರದೆ, ಕೈಯಲ್ಲೇ ಹಿಡಿದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಇದು ಮೊದಲಿಂದ್ಲೂ ಇತ್ತಾ?”

“ಕೊಂಡ ದಿನಾನೇ ಇತ್ತಂತೆ.”

“ನಾನು ದಿನಾ ಕೂತು, ಒಳಗೆ ಎಲ್ಲಾ ಹಾಳಾಗಿದೆ ಅಂತಲೇ ಅಂದ್ಕೋತಿದ್ದೆ.” ಆಕೆ ಗ್ಲಾಸನ್ನು ಕೆಳಗಿಟ್ಟಳು. “ನಂದೂ ಹಾಗೇ ಅಂತ. ಆಸ್ಪತ್ರೆಗೆ ಹೋದ್ರೆ ಅದನ್ನೇ ಹೇಳ್ತಾರೆ ಅಂತ ಭಯ ರೀ. ಗೊತ್ತಾಗದೇ ಇದ್ರೆ ಹೇಗೋ ದಿನ ಹೋಗುತ್ತೆ ಅಂತ.”

“ನನಗೂ ಭಯ ಕಣೇ,” ಎಂದರು ಗಡಿಯಾರದವರು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ. “ಆದ್ರೆ ಅವರು ನನ್ನ ಹಾಗೆ ಕೊಯ್ಯಲ್ಲ. ಹೊರಗಿಂದ್ಲೇ ನೋಡ್ತಾರೆ.”

ಆಕೆ ಅವರ ಮುಖ ನೋಡಿದಳು. “ಅವರೂ ಎರಡು ಸ್ಕ್ರೂ ಉಳಿಸ್ಕೊಳ್ಳಲ್ಲ ತಾನೇ?”

ಗುರುವಾರ ಇಬ್ಬರೂ ಆಸ್ಪತ್ರೆಗೆ ಹೋದರು. ತಣ್ಣನೆಯ ಕೋಣೆಯಲ್ಲಿ ಅರ್ಧ ಗಂಟೆಯ ಕೆಲಸ. ಹೊರಗೆ ಬೆಂಚಿನ ಮೇಲೆ ಕೂತ ಗಡಿಯಾರದವರು ಗೋಡೆಯ ಗಡಿಯಾರ ನಾಲ್ಕು ನಿಮಿಷ ಹಿಂದಿರುವುದನ್ನು ಗಮನಿಸಿದರು, ಆದರೂ ಎದ್ದು ಅದನ್ನು ಮುಟ್ಟಲಿಲ್ಲ. ರಿಪೋರ್ಟು ಮುಂದಿನ ವಾರ ಎಂದು ಹೇಳಿ ಕಳಿಸಿದರು.

ವಾಪಸು ಬರುವಾಗ ಬಸ್ಸು ನರ್ಸರಿಯ ಹತ್ತಿರ ನಿಂತದ್ದೇ ಆಕೆ ಎದ್ದು ಇಳಿದುಬಿಟ್ಟಳು. ಗಂಡ ಯಾಕೆಂದು ಕೇಳುತ್ತ ಹಿಂದೆ ಬರುವಷ್ಟರಲ್ಲಿ ಸಾಲಿನಲ್ಲಿದ್ದ ಮರದ ಗಿಡಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ನೆಟ್ಟಗೆ ನಿಂತಿದ್ದ ಒಂದನ್ನು ಆರಿಸಿದಳು.

“ಇದನ್ನ ಕುಂಡದಲ್ಲೇ ಎಷ್ಟು ದಿನ ಇಡಬಹುದು?” ಎಂದು ನರ್ಸರಿಯವಳನ್ನು ಕೇಳಿದಳು.

“ದೊಡ್ಡ ಕುಂಡ ಆದ್ರೆ ಮೂರು ವರ್ಷ ಧಾರಾಳವಾಗಿ ಇರುತ್ತೆ. ಆಮೇಲೆ ನೆಲಕ್ಕಿಳಿಸ್ಬೇಕು.”

ಮನೆಗೆ ಬಂದು ಗಾಯ ಒಣಗಿದ್ದ ಎರಡು ಹೋಳನ್ನೂ ಆಕೆಯೇ ಮಣ್ಣಿಗಿಟ್ಟಳು. ಕುಂಡವನ್ನು ಮೆಟ್ಟಿಲ ಪಕ್ಕಕ್ಕೆ ಸರಿಸಿದಳು. ಗಡಿಯಾರದವರು ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದರು.

“ಈಗ ಇಬ್ಬರದ್ದೂ ಇದೆ. ಇನ್ನು ಜಗಳ ಇಲ್ಲ ಅಲ್ವಾ?” ಎಂದರು.

“ಯಾಕಿಲ್ಲ?” ಆಕೆ ಕೈಯ ಮಣ್ಣು ಕೊಡವಿಕೊಂಡಳು. “ಮೂರು ವರ್ಷಕ್ಕೆ ಇದು ಹೂ ಬಿಡುತ್ತೆ. ಅಷ್ಟು ಹೊತ್ತಿಗೆ ನಿಮ್ಮ ಮರಕ್ಕೂ ನೆಲ ಬೇಕು. ಆಗ ಈ ಜಾಗ ಯಾರಿಗೆ ಅಂತ ಕೂತು ಸರಿಯಾಗಿ ಜಗಳ ಆಡೋಣ.”