ಸತ್ತೆಪ್ಪನ ಎದೆಗೆ ಹೊಲಿದ ಕೊಳವೆ

ನಾನು ಒಂದು ಬಟ್ಟೆಯ ಕೊಳವೆ. ಪಾಲಿಯೆಸ್ಟರ್ ನೂಲಿನಿಂದ ನನ್ನನ್ನು ನೇಯ್ದು, ಬಾಗಿದರೂ ಮುಚ್ಚಿಕೊಳ್ಳದಂತೆ ಮೈತುಂಬ ನೆರಿಗೆ ಕೊಟ್ಟು, ಡಬ್ಬಿಗೆ ಹಾಕಿದರು. ಬೆಳಗಾವಿಯ ಒಂದು ಆಸ್ಪತ್ರೆಯ ಕಪಾಟಿನಲ್ಲಿ ಬಹಳ ದಿನ ಬಿದ್ದಿದ್ದೆ. ನನ್ನ ಪಕ್ಕದವರೆಲ್ಲ ಯಾರ್ಯಾರದೋ ಎದೆ ಸೇರಿದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಕೊನೆಗೆ ನನ್ನ ಪಾಲಿಗೆ ಬಂದವನು ಸತ್ತೆಪ್ಪ. ಹನುಮಪ್ಪನ ಗುಡಿ ಮುಂದೆ ಗುಂಡುಕಲ್ಲು ಎತ್ತುವುದರಲ್ಲಿ ಹೆಸರಾದವನು. ಐವತ್ತು ದಾಟಿತ್ತು. "ಕಾಕಾ, ಇನ್ನ ನೀ ಮೊಮ್ಮಕ್ಕಳನ್ನ ಎತ್ತು," ಎಂದು ಎದುರುಮನೆಯ ರಾಯನಗೌಡ ನಾಲ್ಕು ಮಂದಿಯೆದುರು ನಕ್ಕ. ಸತ್ತೆಪ್ಪ ಉಸಿರು ಬಿಗಿಹಿಡಿದು ಕಲ್ಲನ್ನು ಹೆಗಲಿಗೆ ತಂದ. ಎದೆಯಿಂದ ಬೆನ್ನಿನವರೆಗೆ ಏನೋ ಹರಿದಂತಾಗಿ ಅಲ್ಲೇ ಬಿದ್ದ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರ ಸೀಳಿ, ರಕ್ತ ಪದರಗಳ ನಡುವೆ ನುಗ್ಗುತ್ತಿತ್ತು.

ಎಲ್ಲರಿಗೂ ಎಡಕ್ಕೆ ಬಾಗುವ ಆ ನಾಳ ಇವನಿಗೆ ಹುಟ್ಟಿನಿಂದಲೇ ಬಲಕ್ಕೆ ಬಾಗಿತ್ತು. ಎಡಗೈಗೆ ಹೋಗುವ ಕವಲು ಅನ್ನನಾಳದ ಹಿಂದೆ ಅಡಗಿತ್ತು. ಸ್ಕ್ಯಾನ್ ನೋಡಿದ್ದ ಡಾಕ್ಟರ್ ವಿಮಲಾಕ್ಷಿ, "ಅಭ್ಯಾಸದ ಮೇಲೆ ಕೈ ಓಡಿಸಬೇಡಿ, ಇಲ್ಲಿ ದಾರಿಯೇ ಬೇರೆ," ಎಂದು ಜೊತೆಯವರಿಗೆ ಗದರಿದರು. ಮೈ ತಣ್ಣಗೆ ಮಾಡಿ, ಹೃದಯ ನಿಲ್ಲಿಸಿ, ಹರಿದದ್ದನ್ನು ಕತ್ತರಿಸಿ ನನ್ನನ್ನು ಹೊಲಿದರು. ರಕ್ತವನ್ನು ಮತ್ತೆ ಹರಿಯಬಿಟ್ಟಾಗ ಮೊದಲ ಏಟು ನನಗೇ ಬಿತ್ತು. ಹೊಲಿಗೆ ಬಿಗಿಹಿಡಿದು ತಡೆದೆ.

ರಕ್ತದೊತ್ತಡದ ಗುಳಿಗೆ ತಪ್ಪಿಸಬೇಡ, ಉಪ್ಪು ಬಿಡು, ಭಾರ ಎತ್ತಿದರೆ ಉಳಿದ ನಾಳವೂ ಸೀಳೀತು ಎಂದು ಹೇಳಿ ಮನೆಗೆ ಕಳಿಸಿದರು. ಆದರೆ ರಾಯನಗೌಡನ ದನಿ ಕೇಳಿದರೆ ಸಾಕು, ಸತ್ತೆಪ್ಪನ ರಕ್ತ ನನ್ನನ್ನು ಗುದ್ದುತ್ತಿತ್ತು. ಅವನ ಹಗೆ ನನ್ನದೂ ಆಯಿತು.

ಒಂದು ಮುಂಜಾನೆ ರಾಯನಗೌಡ ಆ ಕಲ್ಲನ್ನೇ ಮನೆ ಮುಂದೆ ಉರುಳಿಸಿ ತಂದ.

"ಎತ್ತು ನೋಡೂಣು ಕಾಕಾ! ಆಗಂಗಿಲ್ಲಂದ್ರ ಹೇಳು, ನಿನಗ ಮಣ್ಣು ಕೊಡಾಕ ಯಾವಾಗ ಬರ್ಲಿ?"

ಸತ್ತೆಪ್ಪ ಬಗ್ಗಿ ಕಲ್ಲಿಗೆ ಕೈ ಹಾಕಿದ. ನನ್ನ ಒಂದೊಂದು ಹೊಲಿಗೆಯೂ ಜಗ್ಗಿತು. ಹೆಂಡತಿ ಕಲ್ಲವ್ವ ತಡೆಯಲಿಲ್ಲ. ಹೊಸ್ತಿಲಲ್ಲೇ ನಿಂತು ಅಂದಳು:

"ಎತ್ತರಿ. ಅವಂಗ ಬೇಕಾಗಿದ್ದೂ ಅದ. ಜೀವಾ ಪುಗಸಟ್ಟೆ ಕೊಟ್ಟಬಿಡ್ರಿ."

ಅವನ ಕೈ ನಿಂತಿತು. ಕಲ್ಲಿನ ಮೇಲೆ ಕುಳಿತ. ಗುಳಿಗೆ ತರಿಸಿ ನುಂಗಿದ.

"ಗೌಡಾ, ಗುಳಿಗಿ ತಪ್ಸಂಗಿಲ್ಲ, ಉಪ್ಪು ಮುಟ್ಟಂಗಿಲ್ಲ. ನಿನ್ನ ಮಣ್ಣಿಗೆ ನಾ ಬರೂತನಕ ದಿನಾ ಇಲ್ಲೇ, ನಿನ್ನ ಕಣ್ಣಿದುರಿಗೇ ಕುಂದ್ರತೀನಿ."

ವರ್ಷಗಳಾದವು. ರಾಯನಗೌಡ ಈಗ ಹಿತ್ತಿಲ ಬಾಗಿಲಿನಿಂದ ಓಡಾಡುತ್ತಾನೆ. ನನಗೂ ವಯಸ್ಸಾಯಿತು, ಸುತ್ತ ಮಾಂಸ ಬೆಳೆದು ನಾನು ಸತ್ತೆಪ್ಪನಲ್ಲೇ ಬೆರೆತಿದ್ದೇನೆ. ಕ್ಷಮೆ ದೊಡ್ಡದು ಎನ್ನುವವರು ಅನ್ನಲಿ. ಇವನನ್ನು ಉಳಿಸಿರುವುದು ಅರ್ಧ ನಾನು, ಅರ್ಧ ಆ ಹಗೆ. ಎದುರುಮನೆಯಲ್ಲಿ ಕೆಮ್ಮು ಕೇಳಿದರೆ ನಾವಿಬ್ಬರೂ ಕಿವಿ ನಿಮಿರಿಸುತ್ತೇವೆ.