ಬೆನ್ನ ಹಿಂದಿನ ಕೈಗಳು

ಎಲ್ಲರ ಕೋಟು ಮೊದಲು ಸವೆಯುವುದು ಮೊಣಕೈಯಲ್ಲಿ, ಇಲ್ಲವೇ ಕೊರಳಪಟ್ಟಿಯಲ್ಲಿ. ನಮ್ಮ ಸ್ಕೌಟ್ ಮೇಷ್ಟ್ರ ಕಂದು ಕೋಟು ಸವೆದದ್ದು ಬೆನ್ನಿನ ಕೆಳಭಾಗದಲ್ಲಿ, ಸೊಂಟಕ್ಕಿಂತ ನಾಲ್ಕು ಬೆರಳು ಕೆಳಗೆ, ಸರಿಯಾಗಿ ಒಂದು ಮುಷ್ಟಿಯಗಲದ ಜಾಗದಲ್ಲಿ. ಮೂವತ್ತೊಂದು ವರ್ಷ, ಪ್ರತಿ ಶನಿವಾರ ಮಧ್ಯಾಹ್ನ, ಎಡಗೈಯ ಮಣಿಕಟ್ಟನ್ನು ಬಲಗೈಯಿಂದ ಬಿಗಿಯಾಗಿ ಹಿಡಿದು ಬೆನ್ನ ಹಿಂದೆ ಇಟ್ಟುಕೊಂಡು, ತುಸು ಮುಂದಕ್ಕೆ ಬಾಗಿ, ಗದ್ದೆಯಲ್ಲಿ ಹುಳ ಹುಡುಕುವ ಕೊಕ್ಕರೆಯ ಹಾಗೆ ಒಂದೊಂದೇ ಹೆಜ್ಜೆ ಎತ್ತಿಡುತ್ತ ಮಕ್ಕಳ ನಡುವೆ ಅವರು ಸುತ್ತಾಡಿದ ಗುರುತು ಅದು. ಅವರ ಹೆಂಡತಿ ಆ ಜಾಗಕ್ಕೆ ಮೂರು ಸಲ ಒಳಗಿನಿಂದ ತೇಪೆ ಹಾಕಿದ್ದಾರೆ. "ಬೇರೆಯವರ ಗಂಡಂದಿರು ದುಡಿದು ಬಟ್ಟೆ ಹರ್ಕೊಂಡ್ರೆ ನಮ್ಮೋರು ಸುಮ್ಮನಿದ್ದು ಹರ್ಕೋತಾರೆ" ಎಂಬುದು ಆಕೆಯ ಮಾತು. ಆ ನಗೆಮಾತಿನಲ್ಲಿ ಇಡೀ ಮನುಷ್ಯನೇ ಅಡಗಿದ್ದಾನೆಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ಸುಮ್ಮನಿರುವುದು ಅವರ ಸ್ವಭಾವವೇ ಆಗಿದ್ದರೆ ಇದನ್ನೆಲ್ಲ ಬರೆಯುವ ಅಗತ್ಯವಿರಲಿಲ್ಲ. ಅವರ ಕಸುಬು ಗಡಿಯಾರ ರಿಪೇರಿ. ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಕಪಾಟಿನಷ್ಟೇ ಅಗಲದ ಅಂಗಡಿ; ಒಬ್ಬರು ಒಳಗೆ ಕೂತರೆ ಇನ್ನೊಬ್ಬರು ಬೀದಿಯಲ್ಲಿ ನಿಲ್ಲಬೇಕು. ಅಲ್ಲಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಸಾಸಿವೆಗಿಂತ ಸಣ್ಣ ತಿರುಪನ್ನೆತ್ತಿ, ಉಸಿರು ಬಿಗಿಹಿಡಿದು ಕೂರಿಸುವ ಆ ಬೆರಳುಗಳನ್ನು ನೋಡುವುದೇ ಒಂದು ಸಂಭ್ರಮ. ಬಸ್ಸಿನಲ್ಲಿ ಪಕ್ಕದವರ ಚೀಲದ ಜಿಪ್ಪು ಸಿಕ್ಕಿಕೊಂಡಿದ್ದರೆ ಆ ಕೈಗಳು ಕೇಳದೆಯೇ ಸರಿಮಾಡುತ್ತವೆ. ಹೋದವರ ಮನೆಯಲ್ಲಿ ಮೇಜು ಕುಂಟುತ್ತಿದ್ದರೆ ಕಾಗದ ಮಡಿಸಿ ಕಾಲಿನಡಿ ತೂರಿಸುತ್ತವೆ. ಅಂಥ ಕೈಗಳನ್ನು ಶನಿವಾರ ಬಂತೆಂದರೆ ಅವರು ಬೆನ್ನ ಹಿಂದೆ ಬಂಧಿಸಿಡುತ್ತಿದ್ದರು. ಎಡಗೈ ಕಳ್ಳ, ಬಲಗೈ ಪೊಲೀಸು.

ನಾನು ಪುಸ್ತಕ ಬೈಂಡಿಂಗ್ ಮಾಡುವವನು. ಸೂಜಿ, ದಾರ, ಅಂಟು, ಗಂಟು ಇವೇ ನನಗೆ ಅನ್ನ ಹಾಕುವುದು. ಮಗಳನ್ನು ಸ್ಕೌಟ್ ದಳಕ್ಕೆ ಸೇರಿಸಲು ಹೋದ ದಿನ, ಶಾಲೆಯ ಹಿಂಬದಿಯ ತಗಡಿನ ಶೆಡ್ಡಿನ ಮುಂದೆ ಇಪ್ಪತ್ತಾರು ಮಕ್ಕಳು ಡೇರೆ ಹಾಕುತ್ತ, ಹಗ್ಗಕ್ಕೆ ಕಾಲು ಸಿಕ್ಕಿಸಿಕೊಂಡು ಬೀಳುತ್ತ, ಒಬ್ಬರ ಮೇಲೊಬ್ಬರು ಕೂಗುತ್ತ ಇದ್ದದ್ದನ್ನು ಕಂಡು ಕೈ ಕೈ ಹಿಸುಕಿಕೊಂಡೆ. ಕೊನೆಗೆ ತಡೆಯಲಾರದೆ ಓಡಿಹೋಗಿ ಗೂಟ ಹಿಡಿದೆ. ಮೇಷ್ಟ್ರು ಬೈಯಲಿಲ್ಲ. ತುಂಬಿ ತುಳುಕುವ ಎರಡು ಲೋಟ ನೀರು ತಂದು ನನ್ನ ಎರಡೂ ಕೈಗೆ ಕೊಟ್ಟು, "ಸ್ವಲ್ಪ ಹಿಡ್ಕೊಂಡಿರಿ, ಚೆಲ್ಲಬೇಡಿ" ಎಂದರು. ಯಾರಿಗೋ ಬಾಯಾರಿಕೆಯಿರಬೇಕೆಂದುಕೊಂಡು ನಾನು ಇಪ್ಪತ್ತು ನಿಮಿಷ ವಿಗ್ರಹದಂತೆ ನಿಂತೆ. ಯಾರೂ ಕುಡಿಯಲಿಲ್ಲ. ಅಷ್ಟರಲ್ಲಿ ಡೇರೆ ಎದ್ದಿತ್ತು. ಸೊಟ್ಟಗೆ ಎದ್ದಿತ್ತು, ಆದರೆ ಎದ್ದಿತ್ತು, ಮಕ್ಕಳು ಅದರೊಳಗೆ ನುಗ್ಗಿ ಕುಣಿಯುತ್ತಿದ್ದರು. ದಳದ ಇನ್ನೊಬ್ಬ ಸ್ವಯಂಸೇವಕಿ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸಮ್ಮ, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನೀರು ಗಿಡಕ್ಕೆ ಹಾಕಿ ಸರ್. ಹೊಸದಾಗಿ ಬಂದ ದೊಡ್ಡೋರಿಗೆಲ್ಲ ಇದೇ ಮೊದಲ ಪಾಠ."

ಮುಂದಿನ ಶನಿವಾರದಿಂದ ನಾನೂ ದಳದ ಸ್ವಯಂಸೇವಕನಾದೆ. ಎರಡನೆಯ ಪಾಠ ಸೆಕೆಂಡಿನ ಮುಳ್ಳಿನದು. ಮಗುವೊಂದು ತೊಡರಿ ನಿಂತಾಗ ಆ ಮುಳ್ಳು ಪೂರ್ತಿ ಒಂದು ಸುತ್ತು ಬರುವವರೆಗೆ ದೊಡ್ಡವರು ಯಾರೂ ಹತ್ತಿರ ಸುಳಿಯಬಾರದು. "ಒಂದು ನಿಮಿಷ ಕೊಡಿ ಅವರಿಗೆ. ನೋಡೋಣ" ಎನ್ನುವರು. ಈ "ನೋಡೋಣ" ಅವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತು. ಒಲೆ ಹೊತ್ತಿಸಲಾಗದೆ ಒಂದು ತಂಡ ಇಡೀ ಬೆಂಕಿಪೊಟ್ಟಣ ಮುಗಿಸಿದಾಗಲೂ ನೋಡೋಣ, ಸುಟ್ಟ ಗೆಣಸಿನ ಹೊರಗೆ ಇದ್ದಿಲು, ಒಳಗೆ ಹಸಿ ಎಂದಾಗಲೂ ನೋಡೋಣ. ಕೈಗೆ ಗಡಿಯಾರ ಕಟ್ಟಿಕೊಂಡು ಒಮ್ಮೆ ಪ್ರಯತ್ನಿಸಿ ನೋಡಿ. ಎದುರಿಗೆ ಮಗು ಒದ್ದಾಡುತ್ತಿರುವಾಗ ಒಂದು ನಿಮಿಷವೆಂಬುದು ಎಷ್ಟು ಉದ್ದವೆಂದು ತಿಳಿಯುತ್ತದೆ. ನನಗಂತೂ ಮೊದಲ ತಿಂಗಳೆಲ್ಲ ಇಪ್ಪತ್ತನೆಯ ಸೆಕೆಂಡಿಗೇ ಬೆವರಿಳಿಯುತ್ತಿತ್ತು.

ಇದನ್ನು ಕೇಳಿ ಅವರನ್ನು ಉದಾಸೀನದವರೆಂದು ಭಾವಿಸಿದರೆ ಕೆಟ್ಟೆವು. ಬೆಂಕಿ, ನೀರು, ರಸ್ತೆ, ಎತ್ತರ ಈ ನಾಲ್ಕರ ವಿಷಯದಲ್ಲಿ ನಿಮಿಷವಿಲ್ಲ, ಅರೆನಿಮಿಷವೂ ಇಲ್ಲ. ಆಗ ಆ ಕೈಗಳು ಬೆನ್ನ ಹಿಂದಿನಿಂದ ಬರುವ ವೇಗವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಒಬ್ಬರೇ ಇರುವ ಪ್ರಸಂಗವೇ ಬರಬಾರದು. ಯಾವ ಮಗುವಿಗೆ ಯಾವ ಔಷಧಿ ಆಗುವುದಿಲ್ಲ, ಯಾರ ಅಮ್ಮನ ಫೋನು ಯಾವುದು ಎಂಬುದೆಲ್ಲ ಕೋಟಿನ ಒಳಜೇಬಿನ ಪುಟ್ಟ ಪುಸ್ತಕದಲ್ಲಿರಬೇಕು. ಪುಸ್ತಕದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಂಡಿದ್ದರು: "ತಲೆ ಎಣಿಸಬೇಡ, ಹೆಸರು ಕರೆ." ಅದರ ಹಿಂದೊಂದು ಕಥೆಯಿದೆ. ದಳ ಶುರುಮಾಡಿದ ಹೊಸದರಲ್ಲಿ ಅವರು ಇಪ್ಪತ್ತನಾಲ್ಕು ಮಕ್ಕಳನ್ನು ಶಿಬಿರಕ್ಕೆ ಕರೆದೊಯ್ದು, ರೈಲು ನಿಲ್ದಾಣದಲ್ಲಿ ಮೂರು ಸಲ ತಲೆ ಎಣಿಸಿ, ಮೂರು ಸಲವೂ ಇಪ್ಪತ್ತನಾಲ್ಕೇ ಬಂದು, ನಿಶ್ಚಿಂತೆಯಿಂದ ಹೊರಡುವಷ್ಟರಲ್ಲಿ ಹೆಂಗಸೊಬ್ಬರು ಓಡಿಬಂದು ಸಾಲಿನಿಂದ ತಮ್ಮ ಮಗನನ್ನು ಎಳೆದುಕೊಂಡರು. ದಳದ ಹುಡುಗ ಟಿಕೆಟ್ ಕೊಡುವವರ ಕೋಣೆಯಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದ. "ಲೆಕ್ಕ ಸರಿಯಾಗಿತ್ತು, ಮಗು ಬೇರೆಯವರದ್ದಾಗಿತ್ತು" ಎಂದು ಈ ಕಥೆಯನ್ನು ಹೊಸಬರಿಗೆಲ್ಲ ತಾವೇ ಹೇಳಿ ನಗಿಸುವರು. ತಮ್ಮ ತಪ್ಪನ್ನು ಇಷ್ಟು ಖುಷಿಯಿಂದ ಹಂಚುವ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅವರಿಗೆ ಎಪ್ಪತ್ತು ತುಂಬುವ ವರ್ಷ ಬಂತು. ಎಪ್ಪತ್ತಾದವರು ದಳ ನಡೆಸುವಂತಿಲ್ಲವೆಂಬುದು ಸಂಸ್ಥೆಯ ನಿಯಮ. ನರ್ಸಮ್ಮನಿಗೆ ಆಸ್ಪತ್ರೆಯ ಪಾಳಿ. ಎಲ್ಲ ಶನಿವಾರ ಬರಲಾಗದು. ದಳ ನಡೆಸಲು ಉಳಿದವನು ನಾನೊಬ್ಬನೇ. ಮುಖ್ಯ ಕಚೇರಿಯ ಅಧಿಕಾರಿಣಿಯೊಬ್ಬರು ಬಂದು ನಾನು ತಕ್ಕವನೋ ಅಲ್ಲವೋ ನೋಡಿ ಹೋಗುವರು. ತಕ್ಕವನಲ್ಲವೆಂದರೆ ದಳ ಮುಚ್ಚಿ ಮಕ್ಕಳನ್ನು ಊರಿನ ಆಚೆ ತುದಿಯ ಬೇರೆ ಬೇರೆ ದಳಗಳಿಗೆ ಹಂಚುವರು ಎಂದು ಪತ್ರ ಬಂತು. ಮೂವತ್ತೊಂದು ವರ್ಷದ ದಳ ನನ್ನ ತಲೆಯ ಮೇಲೆ ಕೂತಿತು. ಮೇಷ್ಟ್ರು ಮಾತ್ರ ಪತ್ರ ಓದಿ ಮಡಿಸಿ, "ನೋಡೋಣ" ಎಂದರು.

ಅಧಿಕಾರಿಣಿ ಬರಬೇಕಾಗಿದ್ದ ಶನಿವಾರ ಮಕ್ಕಳು ಬೆಳಗಿನಿಂದಲೇ ಮೈದಾನದಲ್ಲಿ ಮರದ ಗಳಗಳನ್ನು ಹಗ್ಗದಿಂದ ಬಿಗಿದು ಅಟ್ಟಣಿಗೆ ಕಟ್ಟುತ್ತಿದ್ದರು. ನಮ್ಮ ದಳದಲ್ಲೊಂದು ಪದ್ಧತಿಯಿದೆ: ಪ್ರತಿ ಮಗುವಿಗೂ ಒಂದೊಂದು ಬಣ್ಣದ ನೂಲು. ಗಂಟು ಹಾಕಿದವರು ಅದರ ಮೇಲೆ ತಮ್ಮ ನೂಲು ಕಟ್ಟಬೇಕು. ಯಾರೇ ಹತ್ತುವ ಮೊದಲು ಕಟ್ಟಿದವರೆಲ್ಲ ತಮ್ಮ ಗಂಟಿನ ಪಕ್ಕ ನಿಂತು, ಮುಟ್ಟಿ ನೋಡಿ, "ನನ್ನದು" ಎನ್ನಬೇಕು. ವಾರಸುದಾರರಿಲ್ಲದ ಒಂದೇ ಒಂದು ಗಂಟು ಸಿಕ್ಕಿದರೂ ಇಡೀ ಅಟ್ಟಣಿಗೆ ಬಿಚ್ಚಿ ಮೊದಲಿನಿಂದ ಕಟ್ಟಬೇಕು.

ಊಟಕ್ಕೆ ಮಕ್ಕಳೆಲ್ಲ ನರ್ಸಮ್ಮ ಮತ್ತು ಊಟ ತಂದಿದ್ದ ತಾಯಿಯೊಬ್ಬರ ಹಿಂದೆ ಮರದ ನೆರಳಿಗೆ ಹೋದರು. ಮೈದಾನದಲ್ಲಿ ನಾನು ಮತ್ತು ಆ ಅಟ್ಟಣಿಗೆ. ಒಂದು ಮೂಲೆಯ ಗಂಟಿನಿಂದ ಮೊಳದುದ್ದ ಹಗ್ಗ ಜೋತಾಡುತ್ತಿತ್ತು. ಬೈಂಡಿಂಗಿನವನ ಕಣ್ಣಿಗೆ ಜೋತಾಡುವ ದಾರಕ್ಕಿಂತ ದೊಡ್ಡ ಅವಮಾನವಿಲ್ಲ. ಮೂರು ಗಂಟೆಗೆ ಅಧಿಕಾರಿಣಿ ಬರುತ್ತಾರೆ, ಇದನ್ನು ನೋಡಿದರೆ ಏನೆಂದುಕೊಂಡಾರು? ಒಂದೇ ಒಂದು ಗಂಟು, ಯಾರಿಗೂ ಗೊತ್ತಾಗದು ಎಂದುಕೊಂಡು ಬಿಚ್ಚಿದೆ, ನನ್ನ ಕಸುಬಿನ ಗಂಟನ್ನು ಅಂದವಾಗಿ ಬಿಗಿದೆ, ಜೇಬಿನ ಚಾಕುವಿನಿಂದ ಬಾಲ ಕತ್ತರಿಸಿದೆ, ಕೆಂಪು ನೂಲನ್ನು ಇದ್ದಂತೆಯೇ ಕಟ್ಟಿದೆ. ಎಷ್ಟು ಚೆಂದ ಕಂಡಿತೆಂದರೆ ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿ ಖುಷಿಪಟ್ಟೆ.

ಅಧಿಕಾರಿಣಿ ಮೂರಕ್ಕೆ ಸರಿಯಾಗಿ ಬಂದರು. ತೆಳ್ಳಗಿನ ಹೆಂಗಸು, ಕೈಯಲ್ಲಿ ಕಡತ, ಪೆನ್ನು. ಗಂಟು ಕಟ್ಟಿದ ಮಕ್ಕಳು ತಮ್ಮ ತಮ್ಮ ಗಂಟಿನ ಪಕ್ಕ ನಿಂತರು. ನನ್ನದು, ನನ್ನದು, ನನ್ನದು ಎಂಬ ದನಿಗಳು ಅಟ್ಟಣಿಗೆಯ ಸುತ್ತ ಹರಿದು ಬಂದು ಒಂದು ಮೂಲೆಯಲ್ಲಿ ನಿಂತುಬಿಟ್ಟವು. ಅಲ್ಲಿದ್ದವಳು ಒಂದು ತಂಡದ ನಾಯಕಿ, ಹನ್ನೆರಡು ವರ್ಷದವಳು. ಬಾಯಿ ಜೋರಿದ್ದುದರಿಂದ ಎಲ್ಲರಿಗೂ ಪಟಾಕಿ. ಗಂಟನ್ನು ಹೆಬ್ಬೆರಳಿನಿಂದ ಸವರಿದಳು, ಬಗ್ಗಿ ನೋಡಿದಳು.

"ನೂಲು ನನ್ನದು. ಗಂಟು ನನ್ನದಲ್ಲ" ಎಂದಳು.

ಅಧಿಕಾರಿಣಿಯ ಪೆನ್ನು ನಿಂತಿತು. ನನ್ನ ಕಿವಿ ಬಿಸಿಯಾಯಿತು. ಮೇಷ್ಟ್ರ ಕಡೆ ನೋಡಿದೆ. ಅವರು ಇನ್ನೂ ಕಟ್ಟದೆ ಒರಗಿಸಿಟ್ಟಿದ್ದ ಏಣಿಯ ಪಕ್ಕದಲ್ಲಿ, ಕೈ ಬೆನ್ನ ಹಿಂದೆ ಕಟ್ಟಿ, ಆಕಾಶದಲ್ಲಿ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿದೆಯೆಂಬಂತೆ ನಿಂತಿದ್ದರು. ಬಾಯಿ ಬಿಟ್ಟರೆ ದಳ ಹೋಗುತ್ತದೆ. ಬಿಡದಿದ್ದರೆ ಈ ಹುಡುಗಿ ತನ್ನ ಬೆರಳನ್ನೇ ನಂಬದಂತಾಗುತ್ತಾಳೆ. ಕೊನೆಗೆ ಆ ಗಂಟಿನ ಪಕ್ಕ ಹೋಗಿ ನಿಂತೆ.

"ನಾನು ಕಟ್ಟಿದ್ದು. ಬಾಲ ಕತ್ತರಿಸಿದ್ದೂ ನಾನೇ" ಎಂದೆ.

"ಅದು ಬಾಲ ಅಲ್ಲ ಮಾಮ" ಎಂದಳು ಪಟಾಕಿ, ನನಗಾಗಿ ಮರುಕಪಡುತ್ತ. "ಏಣಿ ಕಟ್ಟೋಕೆ ಬಿಟ್ಟಿದ್ದು." ಆಮೇಲೆ ನನ್ನ ಕಡೆ ತಿರುಗಿಯೂ ನೋಡದೆ ಸೀಟಿ ಊದಿದಳು. "ಎಲ್ಲಾ ಬಿಚ್ರೋ."

ಮುಂದಿನ ನಲವತ್ತು ನಿಮಿಷ ನೆನೆದರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಇಪ್ಪತ್ತಾರು ಮಕ್ಕಳು ಹದಿನಾರು ಗಂಟುಗಳನ್ನು ಬಿಚ್ಚಿದರು. ಗಳಗಳು ನೆಲಕ್ಕಿಳಿದವು, ಕುಯ್ದ ಹಗ್ಗ ಗಿಡ್ಡವಾಯಿತೆಂದು ಬೇರೆ ಹಗ್ಗ ಬಂತು, ಒಬ್ಬ ತನ್ನ ನೂಲು ಕಳೆದುಕೊಂಡು ಕಾಲುಚೀಲದಿಂದ ಎಳೆಯೊಂದನ್ನು ಕಿತ್ತು ಕಟ್ಟಿದ, ಹಿಡಿಯೋ, ಬಿಗಿಯೋ, ಬಿಡಬೇಡ್ವೋ ಎಂಬ ಕೂಗಿನ ನಡುವೆ ಅಟ್ಟಣಿಗೆ ಮತ್ತೆ ಮೊಳಕೆಯೊಡೆಯಿತು. ಕುರ್ಚಿ ಕೊಟ್ಟರೂ ಬೇಡವೆಂದ ಅಧಿಕಾರಿಣಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಕಡತವನ್ನು ಮರೆತು, ಒಂದೊಂದು ಗಂಟಿಗೂ ಕತ್ತು ಚಾಚುತ್ತಿದ್ದರು. ನನ್ನ ಮಗಳು ಎಲ್ಲಿಂದಲೋ ಎರಡು ಲೋಟ ನೀರು ತಂದು ಗಂಭೀರವಾಗಿ ನನ್ನ ಎರಡೂ ಕೈಗೆ ಕೊಟ್ಟು ಹೋದಳು. ನಾನು ಹಿಡಿದು ನಿಂತೆ, ಒಂದು ಹನಿಯನ್ನೂ ಚೆಲ್ಲಲಿಲ್ಲ. ಕೊನೆಗೆ ಹದಿನಾರು "ನನ್ನದು"ಗಳು ಮುಗಿದು, ಪಟಾಕಿ ಎಲ್ಲರಿಗಿಂತ ಮೊದಲು ಹತ್ತಿ ಮೇಲೆ ನಿಂತು ಸೀಟಿ ಊದಿದಾಗ ನನಗೆ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣವೆಂದರೆ ಕೈ ಖಾಲಿಯಿಲ್ಲ.

ಅಧಿಕಾರಿಣಿ ಅಟ್ಟಣಿಗೆಯ ಕೆಳಗೆ ನಿಂತು ಅವಳನ್ನೇ ಕೇಳಿದರು: "ಇವರು ನಿಮ್ಮ ದಳ ನಡೆಸಬಹುದಾ?"

ಪಟಾಕಿ ಮೇಲಿನಿಂದ ನನ್ನನ್ನು ಅಳೆದು ನೋಡಿದಳು. "ಕೈ ಸುಮ್ಮನಿರಲ್ಲ ಮೇಡಂ. ಆದ್ರೆ ಸುಳ್ಳು ಹೇಳಲಿಲ್ಲ. ಮಿಕ್ಕಿದ್ದು ನಾವು ಕಲಿಸ್ಕೋತೀವಿ."

ಅಧಿಕಾರಿಣಿ ನಕ್ಕು, ಆ ಮಾತನ್ನು ಹಾಗೆಯೇ ಕಡತದಲ್ಲಿ ಬರೆದುಕೊಂಡು, ಕೆಳಗೆ ರುಜು ಹಾಕಿದರು. ದಳ ಉಳಿಯಿತು.

ಮಕ್ಕಳನ್ನು ಹೆಸರು ಕರೆದು ಮನೆಯವರಿಗೆ ಒಪ್ಪಿಸಿಯಾದ ಮೇಲೆ, ಹಗ್ಗ ಸುತ್ತಿಡುತ್ತ ಮೇಷ್ಟ್ರನ್ನು ಕೇಳಿದೆ, ಊಟದ ಹೊತ್ತಿನಲ್ಲಿ ಎಲ್ಲಿದ್ದಿರಿ ಎಂದು.

"ಅಲ್ಲೇ, ನಲ್ಲಿ ಹತ್ರ. ನೀವು ಚಾಕು ತೆಗೆದದ್ದು ನೋಡಿದೆ."

"ನೋಡೀನೂ ತಡೀಲಿಲ್ವೇ? ದಳವೇ ಹೋಗ್ತಿತ್ತಲ್ಲ."

"ಯಾರಾದ್ರೂ ಹತ್ತೋಕೆ ಕಾಲಿಟ್ಟಿದ್ರೆ ತಡೀತಿದ್ದೆ, ಅದಕ್ಕೇ ಏಣಿ ಹತ್ರ ನಿಂತಿದ್ದೆ. ಮಿಕ್ಕಿದ್ದಕ್ಕೆ..." ಎಂದು ತಡೆದು, ಸಂಕೋಚದಿಂದ ನಕ್ಕರು. "ನಿಮಗೂ ಒಂದು ನಿಮಿಷ ಕೊಟ್ಟೆ."

ಹಗ್ಗ ತೆಗೆದುಕೊಳ್ಳಲು ಅವರು ಕೈ ಮುಂದೆ ಚಾಚಿದಾಗ ಎಡಗೈಯ ಮಣಿಕಟ್ಟು ಕಂಡಿತು. ಬಲಗೈಯ ನಾಲ್ಕು ಉಗುರುಗಳು ಅಲ್ಲಿ ನಾಲ್ಕು ಕೆಂಪು ಗೀರುಗಳನ್ನು ಮೂಡಿಸಿದ್ದವು.

ಲೋಕದಲ್ಲಿ ಓಡಿಬಂದು ಕೈಜೋಡಿಸುವವರನ್ನು ನಾವು ಕೊಂಡಾಡುತ್ತೇವೆ, ಅದು ಯೋಗ್ಯವೇ. ಆದರೆ ಇನ್ನೊಂದು ಜಾತಿಯ ಜನರಿದ್ದಾರೆ. ತಮಗೆ ಒಂದೇ ಗಳಿಗೆಯಲ್ಲಿ ಮಾಡಲು ಬರುವುದನ್ನು ಇನ್ನೊಬ್ಬರು ಎಡವುತ್ತ, ಕೆಡಿಸುತ್ತ, ಗಂಟೆಗಟ್ಟಲೆ ಮಾಡುವುದನ್ನು ಹತ್ತಿರವೇ ನಿಂತು ನೋಡುವವರು. ಕಣ್ಣು ಮಾತ್ರ ಆಚೆ ಈಚೆ ಸರಿಸದವರು. ತಾವು ಬಾಳೆಲ್ಲ ಕಟ್ಟಿದ್ದನ್ನೇ ಪಣಕ್ಕಿಟ್ಟು ಎದುರಿನವರಿಗೆ ಒಂದು ನಿಮಿಷ ಕೊಡುವವರು. ಸುಮ್ಮನೆ ನಿಂತಿದ್ದಾರೆಂದು ನಾವು ಅವರನ್ನು ದಾಟಿ ಹೋಗುತ್ತೇವೆ. ಅವರು ಎಷ್ಟು ದುಡಿಯುತ್ತಿದ್ದಾರೆಂದು ತಿಳಿಯಬೇಕಾದರೆ ಹಿಂದಿನಿಂದ ನೋಡಬೇಕು.