ಎಲಿಸಿಯೊನ ನೀರಿನ ಹಕ್ಕು

ಆ ಚಳಿಗಾಲ ಬೆಟ್ಟದ ಮೇಲೆ ಹಿಮ ಬಿದ್ದದ್ದು ಹೆಸರಿಗಷ್ಟೇ. ನ್ಯೂ ಮೆಕ್ಸಿಕೋದ ನಮ್ಮ ಕಣಿವೆಯಲ್ಲಿ ಮಳೆಯನ್ನು ಯಾರೂ ನೆಚ್ಚುವುದಿಲ್ಲ. ಕರಗಿ ಇಳಿಯುವ ಹಿಮವೇ ಕಾಲುವೆಗೆ ನೀರು. ಆ ಕಾಲುವೆಯ ನೀರುಗಂಟಿ ನಾನು. ಯಾರ ಸರದಿ ಯಾವತ್ತು ಎಂದು ಹೇಳುವುದು, ಎಲ್ಲರಿಂದ ಬೈಸಿಕೊಳ್ಳುವುದು, ಎರಡೂ ನನ್ನ ಕೆಲಸ.

ಬೆನಿಗ್ನಾಳ ಹೊಲ ಕಾಲುವೆಯ ಬಾಲದಲ್ಲಿದೆ. ನೀರು ಅಲ್ಲಿಗೆ ಮುಟ್ಟುವುದಿಲ್ಲವೆಂದು ಮೇ ತಿಂಗಳಲ್ಲೇ ಗೊತ್ತಾಯಿತು. ಹಿಂದಿನ ವರ್ಷ ಆಲಿಕಲ್ಲು ಬಿದ್ದು ಬೆಳೆ ಹೋಗಿತ್ತು. ತಾಯಿಯ ಕಾಲದಿಂದ ಕಾಪಾಡಿಕೊಂಡು ಬಂದ ಮೆಣಸಿನಕಾಯಿ ಬೀಜದಲ್ಲಿ ಉಳಿದದ್ದನ್ನೆಲ್ಲ ಈ ಸಲ ಸಸಿ ಮಾಡಿದ್ದಳು. ಅವು ಸತ್ತರೆ ಆ ತಳಿಯೇ ಮುಗಿಯಿತು. ಬೇರೆ ಯಾರ ಮನೆಯಲ್ಲೂ ಇರಲಿಲ್ಲ.

ಮೇಲಿನ ಹೊಲದ ಮುದುಕ ಎಲಿಸಿಯೊನ ಬಳಿಗೆ ನನ್ನನ್ನೂ ಎಳೆದುಕೊಂಡು ಹೋದಳು.

"ಮಾವ, ಈ ಸಲದ ಸರದಿ ನಂಗೆ ಬಿಟ್ಕೊಡಿ. ನಿಮ್ಮ ಹೊಲದಲ್ಲಿ ಕಳೆ ಬಿಟ್ರೆ ಇನ್ನೇನಿದೆ?"

"ಕಳೆಯೋ ಬೆಳೆಯೋ, ನೀರು ಹಾಯಿಸ್ತಾ ಇರ್ಬೇಕು ಕಣಮ್ಮ. ಬಳಸ್ದೇ ಬಿಟ್ಟೋನ ಹಕ್ಕು ಹೋಗುತ್ತೆ. ನಮ್ಮಪ್ಪ ಸಾಯೋವಾಗ ಹೇಳಿದ್ದು ಅದೊಂದೇ ಮಾತು."

"ಹಂಗಾದ್ರೆ ನನ್ನ ಸಸೀನ ನಿಮ್ಮ ಹೊಲದಲ್ಲೇ ನೆಡ್ತೀನಿ. ನೀರೂ ನಿಮ್ದೇ, ಹಕ್ಕೂ ನಿಮ್ದೇ. ಬೀಜ ಮಾತ್ರ ನಂದು."

ಮುದುಕ ನನ್ನ ಮುಖ ನೋಡಿದ. "ಇದು ನಡೆಯುತ್ತೇನಯ್ಯ?"

"ನಡೀದೇ ಏನು ಮಾವ. ಕಳೆ ಸಾಕೋದಕ್ಕಿಂತ ವಾಸಿ."

ಎಲಿಸಿಯೊ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಗುದ್ದಲಿ ಹಿಡಿದು ಸಾಲು ತೆಗೆದ, ಬೆಳಗಾಗುವ ಮುಂಚೆ ಎದ್ದು ಮೊಲ ಓಡಿಸಿದ. ಹೆಂಡತಿ ಸತ್ತ ಮೇಲೆ ಅವನು ಅಷ್ಟು ಓಡಾಡಿದ್ದನ್ನು ನಾನು ಕಂಡಿರಲಿಲ್ಲ.

ಅವನ ಸರದಿಯ ದಿನ ಬೆನಿಗ್ನಾಗೆ ಶಾಲೆಯ ಅಡುಗೆಮನೆಯಲ್ಲಿ ಕೆಲಸವಿತ್ತು. ಹೊರಡುವಾಗ ಹೇಳಿದಳು: "ಸಾಲು ನೆನೆದ್ರೆ ಸಾಕು ಮಾವ, ತೂಬು ಮುಚ್ಚಿಬಿಡಿ. ಮೆಣಸಿನ ಬೇರಿಗೆ ನಿಂತ ನೀರು ಆಗಲ್ಲ." ಅವನು ತಲೆಯಾಡಿಸಿದ.

ಹೊತ್ತೇರುವಷ್ಟರಲ್ಲಿ ಸಾಲು ನೆನೆದಿತ್ತು. ಮಧ್ಯಾಹ್ನ ನಾನು ಹಾದುಹೋಗುವಾಗ ಮುದುಕ ಮೊಣಕಾಲಿನವರೆಗೆ ಕೆಸರಾಗಿ ನೀರಿನ ನಡುವೆ ನಿಂತಿದ್ದ.

"ಸಾಕಲ್ವಾ ಮಾವ?"

"ಮುಚ್ಚಿದ್ರೆ ಮಿಕ್ಕಿದ್ದು ಕೆಳಗಿನೋರಿಗೆ ಹೋಗುತ್ತೆ. ನನ್ನ ಸರದಿ ಸೂರ್ಯ ಮುಳುಗೋವರೆಗೂ ಇದೆ."

ಅದು ನಿಜ. ಸರದಿ ಇರುವವರೆಗೆ ಅವನ ತೂಬಿಗೆ ನಾನೂ ಕೈ ಹಾಕುವಂತಿಲ್ಲ. ನೀರು ಸಂಜೆಯವರೆಗೂ ನಿಂತಿತು.

ವಾರ ಕಳೆಯುವಷ್ಟರಲ್ಲಿ ಗಿಡಗಳೆಲ್ಲ ಜೋತುಬಿದ್ದವು. ಕಣಿವೆಯ ಉಳಿದ ಹೊಲಗಳು ನೀರಿಲ್ಲದೆ ಒಣಗುತ್ತಿದ್ದವು, ಇದೊಂದು ನೀರು ಹೆಚ್ಚಾಗಿ ಕೊಳೆಯಿತು. ಬೇರೆ ಊರಿನ ಕತೆಯಾಗಿದ್ದರೆ ನಕ್ಕುಬಿಡುತ್ತಿದ್ದೆ. ಬೆನಿಗ್ನಾ ಸಾಲಿನುದ್ದಕ್ಕೂ ಗಿಡ ಕಿತ್ತು ಕಿತ್ತು ನೋಡಿದಳು. ಒಂದರ ಬೇರೂ ಬಿಳುಪಾಗಿರಲಿಲ್ಲ.

ಎಲಿಸಿಯೊ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. "ಮುಂದಿನ ಸರದಿ ನೀನೇ ತಗೋಮ್ಮ. ಹಕ್ಕು ಹೋದ್ರೆ ಹೋಗ್ಲಿ."

ಹೇಳಬೇಕಾದವನು ನಾನೇ ಆಗಿದ್ದೆ. "ಇನ್ನು ಸರದಿ ಇಲ್ಲ ಮಾವ. ಹೊಳೆ ಬತ್ತಿದೆ. ಬೆಳಿಗ್ಗೆ ಕಾಲುವೆ ಮುಚ್ಚಿ ಬಂದೆ."

"ಇರ್ಲಿ ಬಿಡಿ," ಅಂದಳು ಬೆನಿಗ್ನಾ. "ನಿಮ್ಮ ಹಕ್ಕು ಉಳೀತಲ್ಲ."

ಬೈದು ಹೇಳಿದ್ದರೆ ಮುದುಕ ತಡೆದುಕೊಳ್ಳುತ್ತಿದ್ದ. ಅವಳು ಮೆತ್ತಗೆ ಹೇಳಿದಳು. ಅವನು ಅಲ್ಲೇ ಕಾಲುವೆಯ ಬದುವಿನ ಮೇಲೆ ಕೂತು ಅತ್ತ.

ಮರುವರ್ಷ ಹಿಮ ಚೆನ್ನಾಗಿ ಬಿತ್ತು. ಬೆನಿಗ್ನಾ ಪೇಟೆಯ ಅಂಗಡಿಯಿಂದ ಸಸಿ ತಂದು ನೆಟ್ಟಳು.